ಬ್ಯಾಡಗಿಯಿಂದ ಬಂದ ಅರ್ಧ ವರದಿ

ಧಾರವಾಡದಲ್ಲಿ ವೆಬ್ ಕೆಲಸ ಮಾಡುವವರು ಮತ್ತು ಕಲಿಯುತ್ತಿರುವವರ ಮುಂದೆ, ತಿದ್ದಬಲ್ಲ ವೆಬ್ ಪುಟದಲ್ಲಿ ಬರೆದ ಕನ್ನಡವನ್ನು ಸರ್ವರಿಗೆ ಕಳಿಸುವ ಮತ್ತು ಅಲ್ಲಿ ಓದುವ ಬಗ್ಗೆ ಆಡಿದ ಮಾತುಗಳಿವು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಉಣಕಲ್ ಕೆರೆ ದಾಟುವ ಹೊತ್ತಿಗೆ ಒಂದು ಮೆಣಸಿನಕಾಯಿ ವರದಿ ನೆನಪಾಯಿತು.

ಹುಬ್ಬಳ್ಳಿಯ ಒಂದು ಸಣ್ಣ ಪತ್ರಿಕೆಗೆ ನಾನು ವೆಬ್ ಕೆಲಸ ಮಾಡಿಕೊಡುತ್ತೇನೆ. ತಾಲೂಕು ವರದಿಗಾರರು ಮೊದಲೆಲ್ಲ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಕಚೇರಿಯಲ್ಲಿ ಒಬ್ಬರು ಕೂತು ಅದನ್ನೇ ಮತ್ತೆ ಪುಟಕ್ಕೆ ಏರಿಸುತ್ತಿದ್ದರು. ಒಂದೇ ಕೆಲಸವನ್ನು ಎರಡು ಸಲ ಮಾಡುವುದು ಯಾಕೆ, ವರದಿಗಾರರು ನೇರವಾಗಿ ಪುಟದ ಮೇಲೆಯೇ ಬರೆಯಲಿ, ಓದುಗರಿಗೆ ಹೇಗೆ ಕಾಣುತ್ತದೋ ಹಾಗೇ ಅವರಿಗೂ ಕಾಣಲಿ ಎಂದು ನಾನು ಒಂದು ತಿದ್ದಬಲ್ಲ ಪುಟ ಮಾಡಿಕೊಟ್ಟೆ. ‘ಉಳಿಸು’ ಒತ್ತಿದರೆ ಬರೆದದ್ದು ಸರ್ವರಿಗೆ ಹೋಗುತ್ತದೆ. ಅಷ್ಟೇ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಸೋಮವಾರ ಬ್ಯಾಡಗಿಯ ವರದಿಗಾರರು ಫೋನ್ ಮಾಡಿದರು. “ಸರ, ಕಡ್ಡಿ ದರ ಬಂದೈತಿ, ಡಬ್ಬಿ ದರ ಎಲ್ಲಿ ಹೋತ್ರಿ?” ಕಡ್ಡಿ, ಡಬ್ಬಿ ಎಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ನೋಡಿದರೆ ಅವರ ವರದಿ ಅರ್ಧಕ್ಕೇ ಕಡಿದುಹೋಗಿತ್ತು. ಡಬ್ಬಿಯ ದರ, ಗುಂಟೂರು ತಳಿಯ ದರ, ರೈತರ ಮಾತು ಯಾವುದೂ ಇಲ್ಲ. ಅವರು ಮತ್ತೆ ಬರೆದರು, ಮತ್ತೆ ಅದೇ ಜಾಗದಲ್ಲಿ ಕಡಿಯಿತು. ಅದೇ ಹೊತ್ತಿಗೆ ಗದಗದಿಂದ ಬಂದ ಅದರ ಎರಡರಷ್ಟು ಉದ್ದದ ವರದಿ ಪೂರ್ತಿ ಉಳಿದಿತ್ತು.

ತಪ್ಪು ನನ್ನದು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಸಿಕ್ಕಿದ ಮೇಲೆ, ತಿದ್ದಬಲ್ಲ ಪುಟದಿಂದ ಸರ್ವರಿಗೆ ಹೋಗುವುದು ಏನು ಎಂಬುದನ್ನೇ ನಾನು ಸರಿಯಾಗಿ ತಿಳಿದುಕೊಂಡಿರಲಿಲ್ಲ ಎಂದು ಗೊತ್ತಾಯಿತು. ಇವತ್ತು ನಾನು ಆಡುವುದೆಲ್ಲ ಅದರ ಸುತ್ತಲಿನ ಮಾತು.

ಕಂಟೆಂಟ್‌ಎಡಿಟೆಬಲ್ ಎಂಬ, ಪುಟವನ್ನು ತಿದ್ದಬಲ್ಲದಾಗಿಸುವ ಗುಣ ಹುಟ್ಟಿದ್ದು ಮೈಕ್ರೋಸಾಫ್ಟ್‌ನಲ್ಲಿ. 2000ನೇ ಇಸವಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರಲ್ಲಿ ಅದು ಬಂತು. ಆಮೇಲೆ ಉಳಿದ ಬ್ರೌಸರ್‌ಗಳು ಅನುಕರಿಸಿದವು. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ 5 ಅದನ್ನು ನಿಯಮಕ್ಕೆ ಸೇರಿಸಿತು. ಪುಟದೊಳಗಿನ ಒಂದು ಪೆಟ್ಟಿಗೆಗೆ, ಅಂದರೆ ಡಿವ್‌ಗೆ, ಈ ಗುಣ ಕೊಟ್ಟರೆ ಸಾಕು, ಅದರೊಳಗೆ ಕರ್ಸರ್ ಮಿನುಗುತ್ತದೆ, ನೀವು ಬರೆಯಬಹುದು. ಆದರೆ ಅದು ಫಾರ್ಮಿನ ಮನೆಯವನಲ್ಲ. ಫಾರ್ಮಿನ ಬರೆಯುವ ಪೆಟ್ಟಿಗೆಯಾದ ಟೆಕ್ಸ್ಟ್‌ಏರಿಯಾಗೆ ಹೆಸರಿದೆ, ಬೆಲೆ (ವ್ಯಾಲ್ಯೂ, ಅಂದರೆ ಒಳಗೆ ಬರೆದದ್ದು) ಇದೆ, ಫಾರ್ಮ್ ಸಲ್ಲಿಸಿದಾಗ ಬ್ರೌಸರೇ ಅದನ್ನು ಕಟ್ಟಿ ಕಳಿಸುತ್ತದೆ. ಡಿವ್‌ಗೆ ಆ ಸೌಲಭ್ಯವಿಲ್ಲ. ಒಳಗಿನದನ್ನು ನಾವೇ ತೆಗೆಯಬೇಕು, ನಾವೇ ಗಂಟು ಕಟ್ಟಬೇಕು, ನಾವೇ ಕಳಿಸಬೇಕು. ನಾನು ಎಡವಿದ್ದು ಗಂಟು ಕಟ್ಟುವಲ್ಲಿ.

ಇನ್ನರ್‌ಎಚ್‌ಟಿಎಂಎಲ್‌ನಿಂದ ಡಿವ್‌ನ ಒಳಗಿನದನ್ನು ಟ್ಯಾಗುಗಳ ಸಮೇತ ತೆಗೆದು, ಅದರ ಮುಂದೆ ಹೆಸರು ಮತ್ತು ಸಮ ಚಿಹ್ನೆ ಅಂಟಿಸಿ, ಫಾರ್ಮಿನ ವೇಷದಲ್ಲಿ ಪೋಸ್ಟ್ ಮಾಡಿದ್ದೆ. ಎನ್‌ಕೋಡ್ ಮಾಡಿರಲಿಲ್ಲ, ಅಂದರೆ ವಿಶೇಷ ಚಿಹ್ನೆಗಳನ್ನು ಸಂಕೇತಗಳಿಗೆ ಬದಲಿಸಿರಲಿಲ್ಲ. ಬ್ಯಾಡಗಿಯವರು ಕಡ್ಡಿಯ ದರವೂ ಡಬ್ಬಿಯ ದರವೂ ನೇರವಾಗಿ ಕೆಳಗೆ ಕೆಳಗೆ ಬರಲಿ ಎಂದು ಸ್ಪೇಸ್ ಬಾರನ್ನು ನಾಲ್ಕೈದು ಸಲ ಒತ್ತಿದ್ದರು. ಎಚ್‌ಟಿಎಂಎಲ್‌ನಲ್ಲಿ ಸಾಲುಸಾಲಾಗಿ ಬಂದ ಖಾಲಿ ಜಾಗಗಳು ಒಂದಾಗಿ ಕುಗ್ಗುತ್ತವೆ. ಬರೆಯುವವರಿಗೆ ಹಾಗೆ ಕಾಣಬಾರದೆಂದು ಬ್ರೌಸರ್ ನಡುನಡುವೆ ಒಡೆಯದ ಜಾಗದ ಅಕ್ಷರವನ್ನು ಹಾಕುತ್ತದೆ. ಇನ್ನರ್‌ಎಚ್‌ಟಿಎಂಎಲ್ ಆ ಅಕ್ಷರವನ್ನು & ಚಿಹ್ನೆಯಿಂದ ಶುರುವಾಗುವ ಆರು ಅಕ್ಷರಗಳ ಸಂಕೇತವಾಗಿ ಬರೆದುಕೊಡುತ್ತದೆ. ಫಾರ್ಮಿನ ಭಾಷೆಯಲ್ಲಾದರೋ & ಎಂದರೆ ‘ಒಂದು ಖಾನೆ ಮುಗಿಯಿತು, ಮುಂದಿನ ಖಾನೆ ಶುರು’ ಎಂದರ್ಥ. ಸರ್ವರ್ ಅಲ್ಲಿಗೆ ವರದಿ ಮುಗಿಯಿತೆಂದುಕೊಂಡಿತು. ಡಬ್ಬಿ ದರ ಯಾವುದೋ ಬೇರೆ ಖಾನೆಗೆ ಹೋಗಿ ಬಿತ್ತು, ಅದನ್ನು ಕೇಳುವವರಿರಲಿಲ್ಲ.

ಗದಗದವರು ಎರಡು ಸ್ಪೇಸ್ ಒತ್ತುತ್ತಿರಲಿಲ್ಲ. ಕನ್ನಡ ಅಕ್ಷರದ ಬೈಟುಗಳು ಎನ್‌ಕೋಡ್ ಆಗದಿದ್ದರೂ ನಮ್ಮ ಸರ್ವರ್ ಕೋಡಿನ ಭಾಷೆಯಾದ ಪಿಎಚ್‌ಪಿ ಅವನ್ನು ಹಾಗೇ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿಯೇ ತಪ್ಪು ತಿಂಗಳುಗಟ್ಟಲೆ ಕಾಣಲಿಲ್ಲ. ಹಳೆಯ ವರದಿಗಳನ್ನು ತೆಗೆದು ನೋಡಿದರೆ ‘10+2’ ಎಂದು ಬರೆದ ಕಡೆಯಲ್ಲೆಲ್ಲ ಕೂಡಿಸುವ ಚಿಹ್ನೆ ಮಾಯವಾಗಿತ್ತು. ಫಾರ್ಮಿನ ಭಾಷೆಯಲ್ಲಿ ಅದಕ್ಕೆ ಖಾಲಿ ಜಾಗ ಎಂದರ್ಥ.

ಪರಿಹಾರ ಸುಲಭ. ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಅಥವಾ ಫಾರ್ಮ್‌ಡೇಟಾ ಎಂಬ ಬ್ರೌಸರಿನ ಸಲಕರಣೆ ಬಳಸಿದರೆ ಬ್ರೌಸರೇ ಸರಿಯಾಗಿ ಗಂಟು ಕಟ್ಟುತ್ತದೆ. ನಾನು ಈಗ ಗಂಟು ಕಟ್ಟುವ ಇನ್ನೊಂದು ವಿಧಾನವಾದ ಜೇಸನ್ ಬಳಸುತ್ತೇನೆ, ಕನ್ನಡಕ್ಕೆ ಅದು ಹಗುರ. ಲೆಕ್ಕ ನೋಡಿ. ‘ಧಾರವಾಡ’ ಎಂಬ ಪದದಲ್ಲಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕಕ್ಕೆ 6 ಸಂಕೇತಗಳಿವೆ. ಧ, ಅದರ ದೀರ್ಘ, ರ, ವ, ಅದರ ದೀರ್ಘ, ಡ. ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 18 ಬೈಟು. ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಬಳಸುವ ಫಾರ್ಮಿನ ಎನ್‌ಕೋಡಿಂಗ್‌ನಲ್ಲಿ ಪ್ರತಿ ಬೈಟೂ ಒಂದು % ಚಿಹ್ನೆ ಮತ್ತು ಎರಡು ಅಂಕಿಯಾಗಿ ಬಿಚ್ಚಿಕೊಂಡು 54 ಆಗುತ್ತದೆ. ಜೇಸನ್‌ನಲ್ಲಿ ಅದು 18 ಆಗಿಯೇ ಉಳಿಯುತ್ತದೆ.

ಗಾತ್ರದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ವರದಿಗಾರರು ಫೋಟೋವನ್ನೂ ನೇರವಾಗಿ ಪುಟಕ್ಕೆ ಪೇಸ್ಟ್ ಮಾಡುತ್ತಾರೆ. ಅದು ಬೇಸ್64 ಅಕ್ಷರಗಳ ರಾಶಿಯಾಗಿ, ಮೂಲಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ದಪ್ಪವಾಗಿ, ವರದಿಯ ಒಳಗೇ ಕೂರುತ್ತದೆ. ನಾವು ಬೇರೆ ಮಿತಿ ಹೇಳದೆ ಬಿಟ್ಟರೆ ಎಂಜಿನ್‌ಎಕ್ಸ್ ಎಂಬ ಸರ್ವರ್ 1 ಎಂಬಿ ಮೀರಿದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಪಿಎಚ್‌ಪಿಯ ಮಿತಿ 8 ಎಂಬಿ, ಅದನ್ನು ಮೀರಿದ ಫಾರ್ಮ್ ಬಂದರೆ ಎಲ್ಲ ಖಾನೆಗಳೂ ಖಾಲಿ ಎಂದು ತೋರಿಸುತ್ತದೆ. ವರದಿಯ ಸಂಖ್ಯೆ ಯುಆರ್‌ಎಲ್‌ನಲ್ಲಿದ್ದರೆ, ಎಚ್ಚರ ತಪ್ಪಿದ ಕೋಡ್ ಒಳ್ಳೆಯ ವರದಿಯ ಮೇಲೆ ಖಾಲಿ ವರದಿಯನ್ನು ಬರೆದುಬಿಡುತ್ತದೆ. ಖಾಲಿ ಬಂದದ್ದನ್ನು ಉಳಿಸಲೇಬೇಡಿ.

ಈಗ ಗಂಟು ಸರ್ವರಿಗೆ ಪೂರ್ತಿ ಮುಟ್ಟಿತು ಎಂದುಕೊಳ್ಳೋಣ. ಅದನ್ನು ಬಿಚ್ಚಿ ಓದುವುದು ಇನ್ನೊಂದು ಕೆಲಸ, ನಿಜವಾದ ಕಷ್ಟ ಇರುವುದು ಇಲ್ಲಿ.

ಎಂಟರ್ ಕೀಲಿಯನ್ನೇ ತೆಗೆದುಕೊಳ್ಳಿ. ಕ್ರೋಮ್‌ನಲ್ಲಿ ಖಾಲಿ ಡಿವ್‌ನೊಳಗೆ ಮೂರು ಸಾಲು ಬರೆದರೆ ಮೊದಲ ಸಾಲಿಗೆ ಯಾವ ಹೊದಿಕೆಯೂ ಇರುವುದಿಲ್ಲ. ಎರಡನೆಯದು, ಮೂರನೆಯದು ಒಂದೊಂದು ಡಿವ್‌ನಲ್ಲಿ ಕೂತಿರುತ್ತವೆ. ಖಾಲಿ ಬಿಟ್ಟ ಸಾಲು ಒಂದು ಡಿವ್, ಅದರೊಳಗೆ ಒಂದು ಬಿಆರ್, ಅಂದರೆ ಸಾಲು ಮುರಿಯುವ ಟ್ಯಾಗ್. ಫೈರ್‌ಫಾಕ್ಸ್ 2018ರ 60ನೇ ಆವೃತ್ತಿಗೆ ಮುಂಚೆ ಬರೀ ಬಿಆರ್ ಹಾಕುತ್ತಿತ್ತು, ಆಮೇಲೆ ಡಿವ್‌ಗೆ ಬಂತು. ಹಳೆಯ ಎಕ್ಸ್‌ಪ್ಲೋರರ್ ಪಿ ಟ್ಯಾಗ್ ಹಾಕುತ್ತಿತ್ತು. ಬರೆದವರಿಗೆ ಎಲ್ಲ ಕಡೆಯೂ ಅದೇ ಮೂರು ಸಾಲು, ಸರ್ವರಿಗೆ ಮುಟ್ಟುವುದು ಮೂರು ಬೇರೆ ಬೇರೆ ಗಿಡ.

ಗಿಡ ಎಂದೆ, ಬೇಕೆಂದೇ ಹೇಳಿದ್ದು. ಅದು ಅಕ್ಷರಗಳ ಸಾಲಲ್ಲ, ಕೊಂಬೆಗೆ ಕೊಂಬೆ ಕೂಡಿದ ರಚನೆ. ಟ್ಯಾಗುಗಳನ್ನು ರೆಜೆಕ್ಸ್ ಎಂಬ ಹುಡುಕುವ ಮಾದರಿಯಿಂದ ಕತ್ತರಿಸಿ ಒಗೆದರೆ ಮೊದಲ ಸಾಲಿನ ಕೊನೆಯ ಪದವೂ ಎರಡನೇ ಸಾಲಿನ ಮೊದಲ ಪದವೂ ಅಂಟಿಕೊಳ್ಳುತ್ತವೆ. ಬ್ರೌಸರಿನಲ್ಲಿ ಟೆಕ್ಸ್ಟ್‌ಕಂಟೆಂಟ್ ತೆಗೆದುಕೊಂಡರೂ ಅದೇ ಗತಿ. ಇನ್ನರ್‌ಟೆಕ್ಸ್ಟ್ ಮಾತ್ರ ಪುಟದಲ್ಲಿ ಕಾಣುವ ಸಾಲುಗಳನ್ನು ಗೌರವಿಸುತ್ತದೆ. ತಲೆಬರಹದಂಥ ಒಂದೇ ಸಾಲಿನ ಜಾಗದಲ್ಲಿ ಕಂಟೆಂಟ್‌ಎಡಿಟೆಬಲ್‌ಗೆ ‘ಪ್ಲೇನ್‌ಟೆಕ್ಸ್ಟ್-ಓನ್ಲಿ’ ಎಂಬ ಬೆಲೆ ಕೊಟ್ಟರೆ ಈ ತಾಪತ್ರಯವೇ ಇಲ್ಲ. ಕ್ರೋಮ್, ಸಫಾರಿಗಳಲ್ಲಿ ಬಹಳ ಹಿಂದೆಯೇ ಇತ್ತು, 2025ರಲ್ಲಿ ಫೈರ್‌ಫಾಕ್ಸಿಗೂ ಬಂತು.

ಸರ್ವರಿನಲ್ಲಿ ಎಚ್‌ಟಿಎಂಎಲ್ ಪಾರ್ಸರ್, ಅಂದರೆ ಟ್ಯಾಗುಗಳನ್ನು ಓದಿ ಗಿಡ ಕಟ್ಟುವ ಸಲಕರಣೆ, ಬೇಕೇ ಬೇಕು. ನೋಡ್‌ಗೆ ಪಾರ್ಸ್5, ಜಾವಾಗೆ ಜೆಸೂಪ್, ಪೈಥಾನ್‌ಗೆ ಎಚ್‌ಟಿಎಂಎಲ್5ಲಿಬ್ ಇವೆ. ಇವು ಬ್ರೌಸರ್ ಓದುವ ನಿಯಮದಂತೆಯೇ ಓದುತ್ತವೆ. ಪಿಎಚ್‌ಪಿಯ ಹಳೆಯ ಪಾರ್ಸರ್ ಆದ ಡಾಮ್‌ಡಾಕ್ಯುಮೆಂಟ್ ಎಚ್‌ಟಿಎಂಎಲ್ 4ರ ಕಾಲದ್ದು. ಅದಕ್ಕಿಂತ ಮುಖ್ಯವಾಗಿ, ಅಕ್ಷರಸಂಕೇತ ಯಾವುದೆಂದು ನೀವು ಹೇಳದಿದ್ದರೆ ಅದು ಲ್ಯಾಟಿನ್-1 ಎಂದು ತಿಳಿದುಕೊಳ್ಳುತ್ತದೆ. ಕನ್ನಡದ ಮೂರು ಬೈಟಿನ ಒಂದು ಸಂಕೇತ ಮೂರು ರೋಮನ್ ಚೂರುಗಳಾಗಿ ಒಡೆಯುತ್ತದೆ. ಗಂಟಿನ ತಲೆಗೆ ಯುಟಿಎಫ್-8 ಎಂದು ಹೇಳುವ ಒಂದು ಮೆಟಾ ಟ್ಯಾಗ್ ಹಚ್ಚಿ ಕೊಟ್ಟರೆ ಸರಿಹೋಗುತ್ತದೆ. 2024ರ ಪಿಎಚ್‌ಪಿ 8.4ರಲ್ಲಿ ಹೊಸ ನಿಯಮದ ಪಾರ್ಸರ್ ಬಂದಿದೆ, ಹೊಸದಾಗಿ ಶುರು ಮಾಡುವವರು ಅದನ್ನೇ ಹಿಡಿಯಿರಿ.

ಇನ್ನು ನಾನು ಇವತ್ತು ಹೇಳಲೇಬೇಕೆಂದು ಬಂದ ಮಾತು.

ನಮ್ಮ ಭಾಗದ ಪತ್ರಿಕೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇವತ್ತಿಗೂ ಮಂದಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆಯುತ್ತಾರೆ. ಯೂನಿಕೋಡ್ ನುಡಿಯಲ್ಲ, ಹಳೆಯ ಆಸ್ಕಿ ನುಡಿ. ವರ್ಡ್‌ನಲ್ಲಿ ಬರೆದು, ಕಾಪಿ ಮಾಡಿ, ನಮ್ಮ ತಿದ್ದಬಲ್ಲ ಪುಟಕ್ಕೆ ಪೇಸ್ಟ್ ಮಾಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಅವರಿಗೆ ಚಂದ ಕನ್ನಡ ಕಾಣುತ್ತದೆ. ಆದರೆ ಒಳಗಿರುವುದು ರೋಮನ್ ಅಕ್ಷರ. ‘ಕ’ ಎಂದು ಕಾಣುವ ಕಡೆ ಒಂದು ರೋಮನ್ ಪಿ, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆ ಗೆರೆ ಎಳೆದ ಎ. ‘ನ’ ಎಂದು ಕಾಣುವ ಕಡೆ ಇಂಗ್ಲೆಂಡಿನ ಪೌಂಡ್ ಚಿಹ್ನೆ. ಅದು ಕನ್ನಡ ಎಂಬುದಕ್ಕೆ ಇರುವ ಒಂದೇ ಸಾಕ್ಷಿ, ವರ್ಡ್‌ನಿಂದ ಬರುವಾಗ ಸ್ಪ್ಯಾನ್ ಟ್ಯಾಗಿನ ಸ್ಟೈಲ್‌ನಲ್ಲಿ ಅಂಟಿಕೊಂಡು ಬಂದ ಫಾಂಟಿನ ಹೆಸರು. ‘ನುಡಿ 01 ಇ’ ಎಂಬಂಥ ಹೆಸರು.

ಸರ್ವರಿನಲ್ಲಿ ನಾವೆಲ್ಲ ಮೊದಲು ಮಾಡುವ ಕೆಲಸ ಯಾವುದು? ತೊಳೆಯುವುದು. ವರ್ಡ್ ತಂದು ಸುರಿದ ಕ್ಲಾಸುಗಳು, ಕಾಮೆಂಟುಗಳು, ಸ್ಟೈಲುಗಳನ್ನೆಲ್ಲ ಕಿತ್ತೊಗೆಯುವುದು. ಎಲ್ಲ ಪುಸ್ತಕಗಳೂ ಅದನ್ನೇ ಹೇಳುತ್ತವೆ, ತಪ್ಪಲ್ಲ. ಆದರೆ ಸ್ಟೈಲ್ ಕಿತ್ತ ಆ ಕ್ಷಣಕ್ಕೆ ಫಾಂಟಿನ ಹೆಸರೂ ಹೋಯಿತು. ಆಮೇಲೆ ಉಳಿಯುವುದು ಪಿ, ಎ, ಪೌಂಡ್ ಚಿಹ್ನೆಗಳ ಕಸ. ಅದೇ ಪ್ಯಾರಾದಲ್ಲಿ ನಿಜವಾದ ಇಂಗ್ಲಿಷಿನ ಒಂದು ಬ್ಯಾಂಕಿನ ಹೆಸರೋ, ಒಂದು ಇಮೇಲ್ ವಿಳಾಸವೋ ಇದ್ದರೆ ಯಾವ ಪಿ ಇಂಗ್ಲಿಷಿನದು, ಯಾವ ಪಿ ಕನ್ನಡದ ಕಕಾರ ಎಂದು ಯಂತ್ರ ಹೇಗೆ ಹೇಳೀತು? ತೊಳೆಯುವ ಮುಂಚೆ ಓದಬೇಕು. ಪಾರ್ಸರ್‌ನಿಂದ ಗಿಡ ಕಟ್ಟಿಸಿ, ಕೊಂಬೆ ಕೊಂಬೆಗೂ ಹೋಗಿ, ಎಲ್ಲಿ ನುಡಿಯ ಹೆಸರು ಇದೆಯೋ ಆ ಕೊಂಬೆಯ ಎಲೆಗಳನ್ನಷ್ಟೇ ಯೂನಿಕೋಡ್‌ಗೆ ಬದಲಿಸಿ, ಅದಾದ ಮೇಲೆ ಸ್ಟೈಲ್ ಕೀಳಬೇಕು. ನಮ್ಮ ಕೋಡ್‌ನಲ್ಲಿ ಎರಡೇ ಎರಡು ಸಾಲುಗಳು ಹಿಂದುಮುಂದಾಗಿದ್ದವು. ಅಷ್ಟರಿಂದಲೇ ನಮ್ಮ ಎಷ್ಟೋ ವರದಿಗಳು ಕಸವಾದವು.

ಬದಲಿಸುವ ಕೆಲಸವೂ ಅಕ್ಷರಕ್ಕೆ ಅಕ್ಷರ ಕೂರಿಸುವಂಥದ್ದಲ್ಲ. ‘ಕರ್ನಾಟಕ’ ಎಂಬುದನ್ನೇ ನೋಡಿ. ಹಳೆಯ ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿದೆ. ಕ, ಆಮೇಲೆ ನಾ, ಆಮೇಲೆ ಅರ್ಕಾವೊತ್ತು, ಆಮೇಲೆ ಟ, ಕ. ಯೂನಿಕೋಡ್‌ನಲ್ಲಿ ಅದು ಬಾಯಿಗೆ ಬರುವ ಕ್ರಮದಲ್ಲಿದೆ. ಕ, ರ, ವಿರಾಮ, ನ, ದೀರ್ಘ, ಟ, ಕ. ಅಂದರೆ ಅರ್ಕಾವೊತ್ತನ್ನು ಹಿಡಿದು ಇಡೀ ‘ನಾ’ವನ್ನು ದಾಟಿಸಿ ಹಿಂದಕ್ಕೆ ತಂದು ಕೂರಿಸಬೇಕು. ಇದಕ್ಕೆ ಮುಕ್ತವಾಗಿ ಸಿಗುವ ಪರಿವರ್ತಕಗಳಿವೆ, ನೀವೇ ಮತ್ತೆ ಬರೆಯುವುದು ಬೇಡ. ಆದರೆ ಅವು ಕೊಟ್ಟದ್ದನ್ನು ಒಮ್ಮೆ ಎನ್‌ಎಫ್‌ಸಿ ಎಂಬ, ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಕ್ರಮಕ್ಕೆ ಒಳಪಡಿಸಿ. ಕೆಲವು ಪರಿವರ್ತಕಗಳು ‘ಬೇಂದ್ರೆ’ಯ ‘ಬೇ’ಯನ್ನು ಎತ್ವ ಮತ್ತು ದೀರ್ಘ ಎಂಬ ಎರಡು ಗುರುತಾಗಿ ಇಡುತ್ತವೆ, ಕೀಬೋರ್ಡಿನಿಂದ ಬರೆದದ್ದರಲ್ಲಿ ಅದು ಒಂದೇ ಗುರುತು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಎರಡು ಬೇರೆ ಪದ. ಧಾರವಾಡದ ಪತ್ರಿಕೆಯಲ್ಲಿ ಬೇಂದ್ರೆ ಎಂದು ಹುಡುಕಿದರೆ ಅರ್ಧ ಲೇಖನಗಳು ಸಿಗಲಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ. ಅದು ಆಗಬಾರದು.

ಇಲ್ಲಿ ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ, ನಮ್ಮ ಇಡೀ ಒಂದು ದಿನ ತಿಂದದ್ದು. ಡಾಮ್‌ಡಾಕ್ಯುಮೆಂಟ್ ಒಡೆದ ಕನ್ನಡವೂ ಹಳೆಯ ನುಡಿಯೂ ನೋಡಲು ಒಂದೇ ಥರ, ರೋಮನ್ ಅಕ್ಷರಗಳ ನೆತ್ತಿಯ ಮೇಲೆ ಗೆರೆ, ನಡುವೆ ಚಿತ್ರವಿಚಿತ್ರ ಚಿಹ್ನೆ. ಒಡೆದದ್ದನ್ನು ನಾವು ನುಡಿ ಎಂದುಕೊಂಡು ಪರಿವರ್ತಕಕ್ಕೆ ಹಾಕಿದೆವು, ಹೊರಬಂದದ್ದು ಯಾವ ಭಾಷೆಯೂ ಅಲ್ಲ. ಗುರುತು ಹಿಡಿಯುವುದು ಹೀಗೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟು ಯುಟಿಎಫ್-8ರಲ್ಲಿ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹಾಗಾಗಿ ಒಡೆದ ಕನ್ನಡದಲ್ಲಿ ಪ್ರತಿ ಮೂರನೇ ಅಕ್ಷರ ಗೆರೆ ಎಳೆದ ಸಣ್ಣ ಎ ಆಗಿರುತ್ತದೆ, ಅದರ ಬೆನ್ನಿಗೆ ಮೇಲೆ ಏರಿಸಿದ ಪುಟ್ಟ 2 ಅಥವಾ ಪುಟ್ಟ 3. ಡೊಳ್ಳಿನ ಪೆಟ್ಟಿನಂತೆ ತಪ್ಪದೆ ಬರುತ್ತದೆ. ನುಡಿಯಲ್ಲಿ ಬರುವುದು ದೊಡ್ಡ ಎ, ಅದಕ್ಕೆ ಈ ಲಯವಿಲ್ಲ.

ತೊಳೆಯುವುದರಲ್ಲಿ ಇನ್ನೊಂದು ಅಪಾಯವಿದೆ, ಇದು ಕನ್ನಡದ ಕೋಡ್ ಬರೆಯುವ ಎಲ್ಲರಿಗೂ. ತಿದ್ದಬಲ್ಲ ಪುಟದ ಎಡಿಟರ್‌ಗಳು ಕರ್ಸರ್ ನಿಲ್ಲಿಸಲೆಂದು ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು ಅಲ್ಲಲ್ಲಿ ಉದುರಿಸುತ್ತವೆ. ಅವನ್ನು ಗುಡಿಸಲು ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವ ಒಂದು ರೆಜೆಕ್ಸ್ ಇದೆ. ಅದು ಶೂನ್ಯ ಅಗಲದ ಖಾಲಿ ಜಾಗದ ಜೊತೆಗೆ ಅದರ ನೆರೆಮನೆಯ, ಅಕ್ಷರಗಳು ಕೂಡದಂತೆ ತಡೆಯುವ ನಾನ್‌ಜಾಯಿನರ್, ಕೂಡಿಸುವ ಜಾಯಿನರ್ ಎರಡನ್ನೂ ಗುಡಿಸಿಬಿಡುತ್ತದೆ. ಇಂಗ್ಲಿಷಿಗೆ ಏನೂ ಆಗುವುದಿಲ್ಲ. ನಮ್ಮ ‘ಸಾಫ್ಟ್‌ವೇರ್’ ಮಾತ್ರ ‘ಸಾಫ್ಟ್ವೇರ್’ ಆಗುತ್ತದೆ, ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂದು ಬರೆದವರ ರಕಾರ ಹೋಗಿ ಯಕಾರದ ಬಲಕ್ಕೆ ಅರ್ಕಾವೊತ್ತಾಗಿ ಕೂರುತ್ತದೆ. ನಮಗೆ ಅವು ಕಸವಲ್ಲ, ಕಾಗುಣಿತದ ಭಾಗ. ಶೂನ್ಯ ಅಗಲದ ಖಾಲಿ ಜಾಗವನ್ನಷ್ಟೇ ತೆಗೆಯಿರಿ, ಜಾಯಿನರ್‌ಗಳನ್ನು ಮುಟ್ಟಬೇಡಿ. ಇದನ್ನು ನಾವು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಿರ್ದಾಕ್ಷಿಣ್ಯವಾಗಿ ತೊಳೆಯಿರಿ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕಾರ್ ಎಂಬ ಯುವಕ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ತನ್ನ ಪುಟದಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟ. ಒಂದು ದಿನ ತುಂಬುವುದರೊಳಗೆ ಅದು 10 ಲಕ್ಷಕ್ಕೂ ಹೆಚ್ಚು ಮಂದಿಯ ಪುಟಗಳಿಗೆ ಹರಡಿತು. ಮೈಸ್ಪೇಸ್ ‘ಜಾವಾಸ್ಕ್ರಿಪ್ಟ್’ ಎಂಬ ಪದ ಕಂಡರೆ ಕಿತ್ತೊಗೆಯುತ್ತಿತ್ತು. ಅವನು ಪದವನ್ನು ನಡುವೆ ಮುರಿದು ಎರಡು ಸಾಲಿನಲ್ಲಿ ಬರೆದ. ಸರ್ವರಿಗೆ ಅದು ಎರಡು ನಿರುಪದ್ರವಿ ಚೂರು, ಕೆಲವು ಬ್ರೌಸರ್‌ಗಳಿಗೆ ಒಂದೇ ಪದ. ಕೆಟ್ಟದ್ದರ ಪಟ್ಟಿ ಹಿಡಿದು ಹುಡುಕುತ್ತ ಹೋದರೆ ಹೀಗೇ. ನಾವು ಒಳ್ಳೆಯದರ ಪಟ್ಟಿ ಇಟ್ಟುಕೊಂಡಿದ್ದೇವೆ. ಪ್ಯಾರಾ, ಸಾಲು ಮುರಿತ, ದಪ್ಪ, ಓರೆ, ಪಟ್ಟಿ, ಲಿಂಕ್. ಲಿಂಕ್ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್‌ನಿಂದ ಶುರುವಾದರೆ ಮಾತ್ರ. ಉಳಿದದ್ದಕ್ಕೆ ಪ್ರವೇಶವಿಲ್ಲ. ಬ್ರೌಸರಿನಲ್ಲೇ ತೊಳೆದಿದ್ದೇವಲ್ಲ ಎಂದು ಸರ್ವರಿನಲ್ಲಿ ಬಿಡಬೇಡಿ. ನಿಮ್ಮ ಪುಟವನ್ನು ತೆರೆಯದೆಯೇ ಸರ್ವರಿಗೆ ಪೋಸ್ಟ್ ಮಾಡಲು ಯಾರಿಗೂ ಒಂದು ಸಾಲಿನ ಕಮಾಂಡ್ ಸಾಕು.

ಮತ್ತೆ, ಬಂದದ್ದನ್ನು ಬಂದ ಹಾಗೆಯೇ ಒಂದು ಪ್ರತಿ ಎತ್ತಿಡಿ. ತೊಳೆದದ್ದು ಒಂದು ಕಾಲಮ್ಮಿನಲ್ಲಿ, ಮೂಲ ಇನ್ನೊಂದರಲ್ಲಿ. ಮೂಲವನ್ನು ಎಂದಿಗೂ ಪುಟದಲ್ಲಿ ತೋರಿಸಬೇಡಿ, ಆದರೆ ಅಳಿಸಲೂ ಬೇಡಿ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಟೆಕ್ಸ್ಟ್ ಕಾಲಮ್ 65,535 ಬೈಟಿಗೆ ನಿಲ್ಲುತ್ತದೆ, ಕನ್ನಡದಲ್ಲಿ ಅದು 21,845 ಸಂಕೇತ ಮಾತ್ರ. ವರ್ಡ್‌ನಿಂದ ಬಂದ ಮೂಲಕ್ಕೆ ಅದು ಸಾಲದು, ಮೀಡಿಯಮ್‌ಟೆಕ್ಸ್ಟ್ ಇಡಿ. ನಾವು ಮೊದಲಿಂದ ಮೂಲ ಇಟ್ಟಿದ್ದರೆ ಕಸವಾದ ವರದಿಗಳನ್ನೆಲ್ಲ ಒಂದು ರಾತ್ರಿಯಲ್ಲಿ ಸರಿಮಾಡಬಹುದಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು. “ಮೂಲ ಇಟ್ಟಿರಲಿಲ್ಲ ಅಂದ್ರಿ. ಫಾಂಟಿನ ಹೆಸರು ಹೋದ ಆ ವರದಿಗಳನ್ನ ಈಗ ಏನ್ ಮಾಡ್ತೀರಿ?”

ಪ್ಯಾರಾ ಪೂರ್ತಿ ನುಡಿಯಲ್ಲಿದ್ದರೆ ಗೆರೆ ಎಳೆದ ದೊಡ್ಡ ಎ ಎಷ್ಟು ಸಲ ಬಂದಿದೆ ಎಂದು ಎಣಿಸಿ ಗುರುತು ಹಿಡಿಯುತ್ತೇವೆ, ಅವು ತಾವಾಗಿಯೇ ಬದಲಾಗುತ್ತವೆ. ನಡುನಡುವೆ ಇಂಗ್ಲಿಷ್ ಬೆರೆತದ್ದನ್ನು ಯಂತ್ರಕ್ಕೆ ಬಿಡುವುದಿಲ್ಲ. ಅವನ್ನು ಬೇರೆ ಒಂದು ಪಟ್ಟಿಗೆ ಹಾಕಿದ್ದೇವೆ. ಕಚೇರಿಯಲ್ಲಿ ಹಿಂದೆ ವಾಟ್ಸಾಪ್ ಸುದ್ದಿ ಏರಿಸುತ್ತಿದ್ದರಲ್ಲ, ಅವರೇ ದಿನಾ ಸಂಜೆ ಕೂತು ಒಂದೊಂದೇ ಓದಿ, ಇಂಗ್ಲಿಷ್ ಪದಗಳಿಗೆ ಗುರುತು ಹಾಕುತ್ತಾರೆ. ಉಳಿದದ್ದನ್ನು ಪರಿವರ್ತಕ ನೋಡಿಕೊಳ್ಳುತ್ತದೆ. ಹೋದ ವಾರ ಲಕ್ಷ್ಮೇಶ್ವರದ ವರದಿಗಳು ಮುಗಿದವು. ಈಗ ರಾಣೆಬೆನ್ನೂರಿನದು ನಡೆದಿದೆ.